ಚನ್ನಗಿರಿಯಿಂದ ಮರಳಿ ಬಂದ ಮಂಚ

ಮೊನ್ನೆ ಜಗಳೂರಿನಲ್ಲಿ ನಮ್ಮ ಓಣಿಯ ತಿರುವಿನಲ್ಲಿದ್ದ ಬೇವಿನ ಮರವನ್ನು ಕಡಿದರು. ಕರೆಂಟಿನ ತಂತಿಗೆ ಕೊಂಬೆ ತಾಗುತ್ತದೆ ಎಂಬುದು ಕಾರಣ. ನಾನು ಹಾಲು ತರಲು ಹೋಗಿ ಬರುವಷ್ಟರಲ್ಲಿ ಯಂತ್ರದ ಗರಗಸ ಅರ್ಧ ಮರವನ್ನು ನೆಲಕ್ಕೆ ಮಲಗಿಸಿತ್ತು. ಹೊಟ್ಟು ಗಾಳಿಗೆ ಹಾರಿ ಮನೆಯೊಳಗೂ ಬಂತು. ಹಸಿ ಬೇವನ್ನು ಕೊಯ್ದಾಗ ಅದರ ವಾಸನೆ ಮೂಗಿನಲ್ಲಿ ನಿಲ್ಲುವುದಿಲ್ಲ, ಸೀದಾ ಗಂಟಲಿಗೆ ಇಳಿಯುತ್ತದೆ. ಆ ದಿನವೆಲ್ಲ ನೀರು ಕುಡಿದರೂ ಕಹಿ, ಚಹಾ ಕುಡಿದರೂ ಕಹಿ. ಮಧ್ಯಾಹ್ನದ ಹೊತ್ತಿಗೆ ನನಗೆ ಕಾರಣವಿಲ್ಲದೆ ಸಿಟ್ಟು ಬಂತು. ಕಾರಣವಿಲ್ಲದೆ ಎಂದುಕೊಂಡೆ... ಸ್ವಲ್ಪ ಹೊತ್ತು ಕೂತು ನೋಡಿದರೆ ಕಾರಣ ಇತ್ತು. ಆಚಾರ್ರು ನನ್ನ ಕೈಗೆ ಮೊದಲು ಕೊಟ್ಟದ್ದು ಬೇವಿನ ತುಂಡು.

ತೀರಿಹೋದವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾಳೆ ಅಕ್ಕ. ನಾನು ಇಟ್ಟುಕೊಂಡಿದ್ದೇನೆ. ಅವರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ನ್ಯಾಮತಿಯಲ್ಲಿ ಎಲ್ಲರೂ ಅವರನ್ನು ಆಚಾರ್ರು ಎಂದೇ ಕರೆಯುತ್ತಿದ್ದರು, ನನಗೂ ಅಷ್ಟೇ ಸಾಕು.

ಆಗ ನ್ಯಾಮತಿ ಇನ್ನೂ ತಾಲ್ಲೂಕಾಗಿರಲಿಲ್ಲ, ಹೊನ್ನಾಳಿಗೆ ಸೇರಿತ್ತು. ಹೊನ್ನಾಳಿಯಲ್ಲೇ ನನ್ನ ಗಂಡನ ಮನೆ. ಅಲ್ಲಿಂದ ಒಂದು ದಿನ ಬ್ಯಾಗು ಹಿಡಿದು ಹೊರಟು, ನ್ಯಾಮತಿಯಲ್ಲಿದ್ದ ಅಕ್ಕನ ಮನೆಗೆ ಬಂದುಬಿಟ್ಟೆ. ಯಾಕೆ ಬಂದೆ ಎಂಬುದನ್ನು ಉದ್ದಕ್ಕೆ ಹೇಳುವುದಿಲ್ಲ. ಕೆನ್ನೆಗೆ ಬೀಳಬೇಕಾದ ಏಟು ಕಿವಿಗೆ ಬಿದ್ದು, ಇವತ್ತಿಗೂ ನನ್ನ ಎಡಗಿವಿ ಸರಿಯಾಗಿ ಕೇಳುವುದಿಲ್ಲ. ಇಷ್ಟು ಗೊತ್ತಾದರೆ ಸಾಕು. ಅಕ್ಕ ಬಾ ಎಂದಳು, ಭಾವ ಏನೂ ಅನ್ನಲಿಲ್ಲ. ಆದರೆ ಆ ಮನೆಯಲ್ಲಿ ನನಗೆ ಕೆಲಸವಿರಲಿಲ್ಲ. ಪಾತ್ರೆ ತೊಳೆದು, ಬಟ್ಟೆ ಒಗೆದು, ಹಿತ್ತಿಲ ಕಟ್ಟೆಯ ಮೇಲೆ ಕೂತರೆ ಹೊತ್ತು ಹೋಗುತ್ತಿರಲಿಲ್ಲ.

ಹಿತ್ತಿಲಿನ ಗೋಡೆಯ ಆಚೆಗೆ ಆಚಾರ್ರ ತಗಡಿನ ಶೆಡ್ಡು. ಅರವತ್ತರ ಹತ್ತಿರದ ವಯಸ್ಸು, ಗಿಡ್ಡ ಆಳು, ಮೊಣಕೈಯಿಂದ ಕೆಳಗೆ ಮಾತ್ರ ಇನ್ನೊಬ್ಬರ ಶರೀರದಿಂದ ತಂದು ಕೂಡಿಸಿದಂತೆ ದಪ್ಪ ಕೈ. ಯಾವಾಗಲೂ ಬೈಯುತ್ತಿದ್ದರು. ಮರಕ್ಕೆ ಬೈಯುತ್ತಿದ್ದರು, ಮಳೆಗೆ ಬೈಯುತ್ತಿದ್ದರು, ಪ್ಲೈವುಡ್ಡಿಗಂತೂ ಹೆಸರು ಹಿಡಿದು ಬೈಯುತ್ತಿದ್ದರು. ಅವರ ಜೊತೆ ಕೆಲಸಕ್ಕಿದ್ದ ಆಳು ಆ ಪ್ಲೈವುಡ್ಡಿನ ಅಂಗಡಿಗೇ ಕೆಲಸಕ್ಕೆ ಸೇರಿ ಶಿವಮೊಗ್ಗಕ್ಕೆ ಹೋದ ಮೇಲೆ ಒಬ್ಬರೇ ಆಗಿದ್ದರು. ಒಂದು ದಿನ ಉದ್ದನೆಯ ಹಲಗೆಯೊಂದನ್ನು ಕೊಯ್ಯಲು ಒದ್ದಾಡುತ್ತ, ಗೋಡೆಯ ಮೇಲಿಂದ ನೋಡುತ್ತಿದ್ದ ನನ್ನನ್ನು ಕಂಡರು.

"ಏನವ್ವ, ನೋಡಾಕೆ ಬರ್ತೈತೆ, ಹಿಡಿಯಾಕೆ ಬರಲ್ಲೇನು?"

ಹೋಗಿ ಹಿಡಿದೆ. ಮರುದಿನವೂ ಹೋದೆ. ಮೂರನೆಯ ಸಲವೋ ನಾಲ್ಕನೆಯ ಸಲವೋ ಹೋದಾಗ ಬೇವಿನ ತುಂಡು ಕೊಟ್ಟು, ಗರಗಸ ಕೊಟ್ಟು, ಗೀಟಿನ ಮೇಲೆ ಕೊಯ್ಯಿ ಎಂದರು. ಕೊಯ್ದೆ. ಗೀಟು ಒಂದು ಕಡೆ, ಗರಗಸ ಇನ್ನೊಂದು ಕಡೆ ಹೋಗಿತ್ತು. ಆ ತುಂಡನ್ನು ತಿರುಗಿಸಿ ನೋಡಿ, "ಒಲಿಗೆ," ಎಂದು ಮೂಲೆಗೆ ಎಸೆದರು. ಇನ್ನೊಂದು ಕೊಟ್ಟರು. ಅದೂ ಒಲೆಗೆ. ಸಂಜೆಯ ಹೊತ್ತಿಗೆ ಆಚಾರ್ರ ಹೆಂಡತಿ ಬಂದು ಆ ತುಂಡುಗಳನ್ನೆಲ್ಲ ಮಡಿಲಿಗೆ ತುಂಬಿಕೊಂಡು, "ಇವತ್ತು ನೀರು ಚಲೋ ಕಾಯ್ತಾವೆ ಬಿಡು," ಎಂದು ನಗುತ್ತ ಹೋದರು. ನಾನು ಅವರನ್ನು ಅಮ್ಮ ಎನ್ನುತ್ತಿದ್ದೆ.

ಆಮೇಲೆ ಬಹಳ ದಿನ ನಾನು ಮರ ಮುಟ್ಟಲೇ ಇಲ್ಲ. ಉಳಿ ಮಸೆಯುವ ಕೆಲಸ. ಸಾಣೆಕಲ್ಲಿಗೆ ನೀರು ಹಾಕು, ಉಳಿಯನ್ನು ಒಂದೇ ಓರೆಯಲ್ಲಿ ಹಿಡಿ, ಉಜ್ಜು. ಮಸೆದದ್ದು ಸರಿಯಾಯಿತೋ ಇಲ್ಲವೋ ಎಂದು ನೋಡಲು ಅವರು ಗಟ್ಟಿ ಮರ ತೆಗೆದುಕೊಳ್ಳುತ್ತಿರಲಿಲ್ಲ, ಬೂರಗದ ಮೆತ್ತನೆಯ ತುಂಡಿನ ಅಡ್ಡ ಮೈಯನ್ನು ಕೊಯ್ಯುತ್ತಿದ್ದರು. ಮೊಂಡ ಉಳಿಗೆ ಬೂರಗ ಪುಡಿಪುಡಿಯಾಗುತ್ತದೆ, ಹರಿತವಿದ್ದರೆ ಬೆಣ್ಣೆಯ ಮೈ ಬರುತ್ತದೆ. ಪುಡಿಯಾದರೆ ಮತ್ತೆ ಕಲ್ಲಿಗೆ. ನನ್ನ ಬೆರಳ ತುದಿಗಳ ಚರ್ಮ ಸವೆದು ಅನ್ನ ಕಲಸಿದರೆ ಉರಿಯುತ್ತಿತ್ತು.

ಭಾವನಿಗೆ ಓಣಿಯವರು ಏನೋ ಅಂದಿರಬೇಕು. ಒಂದು ದಿನ ಶೆಡ್ಡಿಗೆ ಬಂದು, "ಆಚಾರ್ರೇ, ಹೆಣ್ಣು ಹುಡುಗಿ, ಇದೆಲ್ಲ ಯಾಕೆ ಕಲಿಸಾಕೆ ಹೋಗ್ತೀರಿ? ಜನ ಆಡಿಕೊಳ್ತಾರೆ," ಎಂದರು.

ಆಚಾರ್ರು ತಲೆಯೆತ್ತಲಿಲ್ಲ. "ಆಕಿಗೆ ಗರಗಸ ಹಿಡಿಯಾಕೆ ಬರ್ತೈತೆ. ನಿಂಗೆ ಬರ್ತೈತೇನು?"

"ಇಲ್ಲ."

"ಮತ್ತೆ ಹೋಗು, ಬೆಳಕಿಗೆ ಅಡ್ಡ ನಿಂತೀಯ."

ಆ ದಿನ ಎಷ್ಟು ಸಂತೋಷವಾಗಿತ್ತೆಂದರೆ... ಆ ಸಂತೋಷ ನೆನಪಾದಾಗಲೇ ಈಗ ಹೆಚ್ಚು ಸಿಟ್ಟು ಬರುತ್ತದೆ. ನನ್ನ ಪರವಾಗಿ ಮಾತಾಡಲು ಆ ಮನುಷ್ಯನಿಗೆ ಬರುತ್ತಿರಲಿಲ್ಲವೆಂದಲ್ಲ, ಬರುತ್ತಿತ್ತು. ಶೆಡ್ಡಿನೊಳಗೆ, ಕೇಳುವವರು ಯಾರೂ ಇಲ್ಲದಾಗ, ಎದುರಿಗೆ ನಿಂತದ್ದು ನನ್ನ ಬಡಪಾಯಿ ಭಾವ ಆಗಿದ್ದಾಗ, ಚೆನ್ನಾಗಿಯೇ ಬರುತ್ತಿತ್ತು.

ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕೂಡಿಕೆ ಕಲಿತೆ. ಒಂದು ಮರದಲ್ಲಿ ಗುಳಿ ಕೊರೆಯಬೇಕು, ಇನ್ನೊಂದರ ತುದಿಯನ್ನು ಆ ಗುಳಿಗೆ ಸರಿಯಾಗಿ ಕೂರುವ ನಾಲಿಗೆಯಂತೆ ಕೊಯ್ಯಬೇಕು. ಅರ್ಧದವರೆಗೆ ಕೈಯಲ್ಲಿ ಒತ್ತಿದರೆ ಹೋಗಬೇಕು, ಉಳಿದರ್ಧ ಮರದ ಕೊಡತಿಯ ಏಟಿಗೆ ಹೋಗಬೇಕು. ಪೆನ್ಸಿಲ್ಲಿನಲ್ಲಿ ಗೀಟು ಹಾಕಿದರೆ ಕೈಯಿಂದ ಕಸಿದು ಎಸೆಯುತ್ತಿದ್ದರು. "ಈ ಗೀಟಿಗೇ ದಪ್ಪ ಐತಲ್ಲ, ಇದರಾಗೆ ಎಲ್ಲಿ ಕೊಯ್ತೀಯ?" ಎಂದು ಚಾಕುವಿನಲ್ಲಿ ಗೆರೆ ಕೊರೆಸುತ್ತಿದ್ದರು. ಸಡಿಲವಾದ ಕೂಡಿಕೆಗೆ ಅಂಟು ತುಂಬುವುದನ್ನು ಕಂಡರೆ ಕಳ್ಳತನ ಕಂಡಂತೆ ಮಾಡುತ್ತಿದ್ದರು. ಅವರ ಕೈ ಮರದ ಮೇಲೆ ಇರುವಾಗ ಬೈಗುಳ ನಿಂತು ಬಾಯಿ ಸ್ವಲ್ಪ ತೆರೆದುಕೊಳ್ಳುತ್ತಿತ್ತು, ಮಗುವಿನ ಹಾಗೆ. ಅದನ್ನು ನೋಡಲು ನನಗೆ ಇಷ್ಟವಾಗುತ್ತಿತ್ತು. ಇದನ್ನೂ ಹೇಳಲೇಬೇಕು.

ಆ ವರ್ಷ ಚನ್ನಗಿರಿಯ ಅಡಿಕೆ ವ್ಯಾಪಾರಿಯೊಬ್ಬರು ಮಗಳ ಮದುವೆಗೆ ಮಂಚ ಮಾಡಿಕೊಡಲು ಹೇಳಿದರು. ಒಂದೂ ಕಬ್ಬಿಣದ ಮೊಳೆ ಇರಬಾರದು, ಹಿಂದಿನ ಕಾಲದವರು ಮಾಡುತ್ತಿದ್ದ ಹಾಗೆ ಇರಬೇಕು ಎಂದು ಅವರ ಆಸೆ. ಆಚಾರ್ರು ಸವಳಂಗದಲ್ಲಿ ಒಬ್ಬರ ಹೊಲದಲ್ಲಿ ಕಡಿದು ಒಣಗಿಸಿಟ್ಟಿದ್ದ ತೇಗ ನೋಡಿ ಬಂದರು. ಮರ ಬಂತು, ಕಾಲುಗಳಿಗೆ ಆರಿಸಿದ್ದೂ ಆಯಿತು. ಆಗ ಸೂರಗೊಂಡನಕೊಪ್ಪದ ದಾರಿಯಲ್ಲಿ ಯಾರದೋ ಬೈಕಿನ ಹಿಂದೆ ಕೂತು ಹೋಗುತ್ತಿದ್ದ ಆಚಾರ್ರು ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡರು.

ಪಟ್ಟಿ ಕಟ್ಟಿಸಿಕೊಂಡು, ಕೈಯನ್ನು ಕೊರಳಿಗೆ ನೇತುಹಾಕಿಕೊಂಡು ಶೆಡ್ಡಿಗೆ ಬಂದು ಸ್ಟೂಲಿನ ಮೇಲೆ ಕೂತರು. ಮದುವೆ ಹತ್ತಿರವಿತ್ತು. ಬೇರೆ ಬಡಗಿಗಳನ್ನು ಕರೆಯಲು ಅವರ ಮನಸ್ಸು ಒಪ್ಪುತ್ತಿರಲಿಲ್ಲ.

"ನೀನೇ ಮಾಡು," ಎಂದರು ಕೊನೆಗೆ. "ನಾನು ಹೇಳ್ತೀನಿ."

ಮೊದಲ ದಿನಗಳಲ್ಲಿ ಹೇಳಿದರು, ಪ್ರತಿ ಏಟಿಗೂ ಹೇಳಿದರು. ಗುಳಿಯನ್ನು ಎರಡೂ ಕಡೆಯಿಂದ ಕೊರೆದು ನಡುವೆ ಕೂಡಿಸು, ಒಂದೇ ಕಡೆಯಿಂದ ಹೊಡೆದರೆ ಆಚೆ ಕಡೆ ಸಿಬಿರು ಕಿತ್ತು ಬರುತ್ತದೆ, ಉಳಿಯನ್ನು ಗೆರೆಯ ಮೇಲೆ ಇಡಬೇಡ, ಗೆರೆಯ ಒಳಗೆ ಇಡು. ಬರಬರುತ್ತ ಹೇಳುವುದು ಕಡಿಮೆಯಾಯಿತು. ಒಂದು ಮಧ್ಯಾಹ್ನ ನಾನು ಉದ್ದಪಟ್ಟಿಯ ನಾಲಿಗೆ ಕೊಯ್ಯುತ್ತಿದ್ದಾಗ ಏನೂ ಕೇಳಿಸಲಿಲ್ಲವೆಂದು ತಿರುಗಿ ನೋಡಿದರೆ, ಗೋಡೆಗೆ ಒರಗಿ ನಿದ್ದೆ ಹೋಗಿದ್ದರು. ನಾನು ಕೊಯ್ಯುತ್ತಲೇ ಇದ್ದೆ.

ಆ ಮಂಚದ ಪಟ್ಟಿಗಳ ನಾಲಿಗೆ ಕಾಲುಗಳನ್ನು ತೂರಿ ಆಚೆ ಬರುತ್ತಿತ್ತು. ಹೊರಗೆ ಬಂದ ನಾಲಿಗೆಯಲ್ಲಿ ಒಂದು ಸಣ್ಣ ತೂತು, ಅದರೊಳಗೆ ಮೇಲಿನಿಂದ ಜಾಲಿ ಮರದ ಬೆಣೆ. ಬೆಣೆ ಮೇಲೆ ಅಗಲ, ಕೆಳಗೆ ಚೂಪು. ಮೇಲಿನಿಂದ ಬಡಿದರೆ ಬಿಗಿಯಾಗುತ್ತದೆ, ಕೆಳಗಿನಿಂದ ಮೆಲ್ಲಗೆ ತಟ್ಟಿದರೆ ಬಿಟ್ಟುಕೊಡುತ್ತದೆ. ಮಂಚವನ್ನು ಬೇಕೆಂದಾಗ ಬಿಚ್ಚಬಹುದು, ಬೇಕೆಂದಾಗ ಜೋಡಿಸಬಹುದು. ಜೋಡಿಸಿದ ದಿನ ಆಚಾರ್ರು ಸುತ್ತ ನಡೆದರು. ಎಡಗೈ ಊರಿ ಅಲ್ಲಾಡಿಸಿದರು. ಮೊಣಕಾಲಿನಿಂದ ಗುದ್ದಿದರು. ಸದ್ದಿಲ್ಲ. ಅಮ್ಮ ಹೊಸ್ತಿಲಲ್ಲಿ ನಿಂತು ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕರು.

ಒಯ್ಯುವ ದಿನ ನಾನು ಬೆಣೆಗಳನ್ನು ಸಡಿಲಿಸಲು ಹೋದರೆ ಆಚಾರ್ರು ತಡೆದರು. "ಬ್ಯಾಡ. ಇಡಿಯಾಗೇ ಒಯ್ಯಾನ."

"ಟೆಂಪೋದಾಗೆ ಹಿಡಿಯಲ್ಲ ಆಚಾರ್ರೇ. ಬಿಚ್ಚಿದ್ರೆ ಸಲೀಸು."

"ಹೇಳಿದಷ್ಟು ಮಾಡು."

ಯಾಕೆಂದು ಆಗ ಹೊಳೆಯಲಿಲ್ಲ. ಬಿಚ್ಚಿ ಒಯ್ದರೆ ಅಲ್ಲಿ ಎಲ್ಲರ ಎದುರಿಗೆ ಜೋಡಿಸುವವಳು ನಾನೇ ಆಗಬೇಕಿತ್ತು. ಅಂದರೆ ಆ ದಿನ ಏನಾಯಿತೋ ಅದು ಅವಸರದಲ್ಲಿ ಬಾಯಿ ತಪ್ಪಿ ಬಂದ ಮಾತಲ್ಲ. ನ್ಯಾಮತಿಯಲ್ಲಿ ಟೆಂಪೋ ಹತ್ತುವ ಮೊದಲೇ ಅವರು ಯೋಚಿಸಿಟ್ಟುಕೊಂಡಿದ್ದರು. ಹಾಗಾದರೆ ನನ್ನನ್ನು ಯಾಕೆ ಕರೆದುಕೊಂಡು ಹೋದರು ಎಂದು ಕೇಳಬಹುದು. ಎಲ್ಲಾದರೂ ಬೆಣೆ ಸಡಿಲವಾದರೆ ಬಿಗಿಯಲು ಒಂದು ಕೈ ಬೇಕಿತ್ತು. ಕೈ ಬೇಕಿತ್ತು, ಕೈಯ ಹಿಂದಿನ ಹೆಂಗಸು ಬೇಕಿರಲಿಲ್ಲ.

ಚನ್ನಗಿರಿಯ ಆ ಮನೆ ಹೊಸದು, ಎರಡು ಮಹಡಿ. ಹಾಲ್‌ನಲ್ಲಿ ಮಂಚ ಇಳಿಸಿದಾಗ ನೆಂಟರಿಷ್ಟರೆಲ್ಲ ಸುತ್ತ ಸೇರಿ ಕೈಯಾಡಿಸಿ ನೋಡಿದರು. ಮದುಮಗಳೂ ಬಂದಳು, ಚಿಕ್ಕ ಹುಡುಗಿ, ಮಂಚದ ಅಂಚಿನ ಮೇಲೆ ಕೂತು, ಅಲ್ಲಾಡಿ ನೋಡಿ, ನಗುತ್ತ ಎದ್ದಳು. ಆಕೆಯ ಅಪ್ಪ ಆಚಾರ್ರಿಗೆ ಶಾಲು ಹೊದಿಸಿ, ಎಲೆ ಅಡಿಕೆ ಕಾಯಿ ಕೊಟ್ಟರು. ಮುರಿದ ಕೈಯಲ್ಲೇ ಇಂಥ ಕೆಲಸ ಮಾಡಿದಿರಲ್ಲ ಎಂದು ಯಾರೋ ಹೊಗಳಿದರು. ಆಚಾರ್ರು ಹಾಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ನಾನು ಬಾಗಿಲ ಬಳಿ ಕೊಡತಿ ಇದ್ದ ಚೀಲ ಹಿಡಿದು ನಿಂತಿದ್ದೆ. ಅಲ್ಲಿಯವರೆಗೂ ನನಗೆ ಬೇಸರವೇನೂ ಇರಲಿಲ್ಲ. ಕಲಿಸಿದವರಿಗೆ ಶಾಲು ಸಿಕ್ಕಿತು, ಸರಿಯೇ ಎಂದುಕೊಂಡಿದ್ದೆ.

ಅಷ್ಟರಲ್ಲಿ ವಯಸ್ಸಾದ ಹೆಂಗಸೊಬ್ಬರು ನನ್ನನ್ನೇ ದಿಟ್ಟಿಸಿ ನೋಡುತ್ತ ಹತ್ತಿರ ಬಂದರು. ಮದುಮಗಳ ಸೋದರತ್ತೆ. ಹೊನ್ನಾಳಿಯವರು, ನನ್ನ ಗಂಡನ ಮನೆಯ ಓಣಿಯಲ್ಲೇ ಇದ್ದವರು.

"ನೀನು ನಮ್ಮ ಓಣಿ ಸೊಸಿ ಅಲ್ಲೇನು? ಗಂಡನ್ನ ಬಿಟ್ಟು ಹೋದಾಕಿ?"

ಆ ಹೆಂಗಸು ಆಚಾರ್ರ ಕಡೆ ತಿರುಗಿದರು. "ಈಕಿ ಯಾಕೆ ಬಂದಾಳ್ರಿ ಇಲ್ಲಿಗೆ? ಮದುವಿ ಮಂಚಕ್ಕೆ ಈಕಿ ಕೈ ಹತ್ತೈತೇನು?"

"ಛೇ, ಛೇ, ಇಲ್ರಿ ಅಮ್ಮಾರೆ," ಎಂದರು ಆಚಾರ್ರು. "ಶೆಡ್ಡಾಗೆ ಕಸ ಹೊಡೆಯಾಕೆ ಬರ್ತಾಳೆ. ಇವತ್ತು ಚೀಲ ಹಿಡಿಯಾಕೆ ಅಂತ ಕರಕೊಂಡು ಬಂದೆ."

ನನ್ನ ಎಡಗಿವಿ ಕೇಳುವುದಿಲ್ಲ. ಬಲಗಿವಿ ಚೆನ್ನಾಗಿಯೇ ಕೇಳುತ್ತದೆ, ಅವರು ನನ್ನ ಬಲಗಡೆಗೇ ಇದ್ದರು. ಮದುವೆ ಮನೆ, ಗಲಾಟೆ ಬೇಡ, ಹೊರಗೆ ಹೋದ ಮೇಲೆ ಕೇಳೋಣ ಎಂದು ಹಲ್ಲು ಕಚ್ಚಿ ನಿಂತೆ.

ಮಂಚವನ್ನು ಮೇಲಿನ ಕೋಣೆಗೆ ಒಯ್ಯಬೇಕು ಎಂದರು. ಮೆಟ್ಟಿಲ ತಿರುವಿನಲ್ಲಿ ಅದು ತಿರುಗಲಿಲ್ಲ. ಕೆಳಗೇ ಇರಲಿ ಬಿಡ್ರಿ ಎಂದು ಆಚಾರ್ರು ಅಂದು ನೋಡಿದರು, ಮನೆಯವರು ಕೇಳಲಿಲ್ಲ. ಟೆಂಪೋದ ಜೊತೆ ಬಂದಿದ್ದ ಹಮಾಲರು ಬಿಚ್ಚುತ್ತೇವೆ ಎಂದು ಕಬ್ಬಿಣದ ಸುತ್ತಿಗೆ ತಂದರು. "ಕೆಳಗಿಂದ ಹೊಡೀರಪ್ಪ, ಕೆಳಗಿಂದ," ಎಂದು ಆಚಾರ್ರು ಕೂಗಿದರೂ, ಆ ಗದ್ದಲದಲ್ಲಿ ಒಬ್ಬ ಮೇಲಿನಿಂದಲೇ ಬಾರಿಸಿದ. ಬೆಣೆ ಇನ್ನೂ ಬಿಗಿಯಾಯಿತು. ಮತ್ತೆ ಬಾರಿಸಿದ. ಕಾಲಿನ ಮರ ಚಿರ್ ಎಂದಿತು.

ಆ ಸದ್ದು ಕೇಳಿದ ಮೇಲೆ ನನಗೆ ಮದುವೆ ಮನೆ, ಮಾನ, ಮರ್ಯಾದೆ ಯಾವುದೂ ನೆನಪಿಗೆ ಬರಲಿಲ್ಲ. ಚೀಲದಿಂದ ಕೊಡತಿ ತೆಗೆದುಕೊಂಡು ಹೋಗಿ ಅವನನ್ನು ಪಕ್ಕಕ್ಕೆ ಸರಿಸಿದೆ. ಮೊಣಕಾಲೂರಿ ಕೂತು, ಬೆಣೆಯ ಕೆಳಗೆ ಒಂದು ಮರದ ಚೂರು ಇಟ್ಟು ತಟ್ಟಿದೆ. ಬೆಣೆ ಬಂತು. ಎಲ್ಲ ಬೆಣೆಗಳನ್ನೂ ತೆಗೆದು ಸೆರಗಿನಲ್ಲಿ ಹಾಕಿಕೊಂಡು, ಪಟ್ಟಿಗಳನ್ನು ಕಾಲುಗಳಿಂದ ಎಳೆದು ಗೋಡೆಗೆ ಒರಗಿಸಿದೆ. ಎದ್ದು ನಿಂತಾಗ ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

"ಕಸ ಹೊಡೆಯಾಕೆ ಬರೋಳಿಗೆ ಇದೆಲ್ಲ ಹೆಂಗೆ ಗೊತ್ತು?" ಎಂದರು ಸೋದರತ್ತೆ. "ಈಕಿನೇ ಮಾಡ್ಯಾಳೆ. ಬಾಳುವೆ ಮಾಡಲಾರದಾಕಿ ಮಾಡಿದ ಮಂಚದ ಮ್ಯಾಲೆ ನಮ್ಮ ಹುಡುಗಿ ಮಲಗಬೇಕೇನು?"

"ಇರಲಿ ಬಿಡತ್ತೆ, ಚೆಂದ ಐತೆ," ಎಂದಳು ಮದುಮಗಳು. ಹುಡುಗಿಯ ತಾಯಿ ಆಕೆಯನ್ನು ರಟ್ಟೆ ಹಿಡಿದು ಒಳಗೆ ಕರೆದುಕೊಂಡು ಹೋದರು.

ಆಚಾರ್ರು, "ಇಲ್ರಿ, ನಾನು ಹೇಳಿಕೊಟ್ಟಂಗೆ ಬಿಚ್ಚಿದ್ಲು, ಅಷ್ಟೇ. ಈಕಿ ಕೈಯಾಗೆ ಉಳಿ ಕೊಟ್ಟೋನಲ್ಲ ನಾನು," ಎಂದರು.

ನಾನು ಅವರ ಎದುರಿಗೆ ಹೋಗಿ ನಿಂತೆ. "ಮಂಚ ನಾನೇ ಮಾಡಿದ್ದು. ನೀವೇ ಹೇಳ್ರಿ ಆಚಾರ್ರೇ. ನಿಮ್ಮ ಬಾಯಿಂದ ಹೇಳ್ರಿ."

ಅವರು ನನ್ನ ಮುಖ ನೋಡಲಿಲ್ಲ. ಹೊಸ ಶಾಲನ್ನು ಹೆಗಲ ಮೇಲೆ ಸರಿ ಮಾಡಿಕೊಂಡು, ಮನೆಯ ಯಜಮಾನರ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಹೇಳಿದರು. "ಆಕಿ ಮಾತು ಮನಸ್ಸಿಗೆ ಹಚ್ಚಿಕೊಳ್ಳಬ್ಯಾಡ್ರಿ. ಗಂಡನ ಮನಿಯಿಂದ ಬಂದ ಮ್ಯಾಲೆ ಆಕಿಗೆ ತಲಿ ಸರಿ ಇಲ್ಲ. ಪಾಪ ಅಂತ ಇಟ್ಟುಕೊಂಡೀನಿ."

ಪಾಪ ಅಂತ... ಗಂಡ ಹೊಡೆದಾಗ ನನಗೆ ನೋವಾಗಿತ್ತು, ಹೆದರಿಕೆಯಾಗಿತ್ತು. ಆದರೆ ನಾನು ಏನೂ ಅಲ್ಲದವಳು ಎಂದು ಅನ್ನಿಸಿರಲಿಲ್ಲ. ಅದು ಅನ್ನಿಸಿದ್ದು ಆ ಹಾಲ್‌ನಲ್ಲಿ. ಬಯ್ಯಬೇಕು ಎಂದು ಬಾಯಿ ತೆರೆದೆ, ಮಾತು ಬರಲಿಲ್ಲ. ಬಂದಿದ್ದರೂ ತಲೆ ಸರಿಯಿಲ್ಲದವಳ ಮಾತನ್ನು ಯಾರು ಕೇಳುತ್ತಿದ್ದರು? ಆ ಒಂದು ಮಾತಿನಿಂದ ಅವರು ನನ್ನ ಬಾಯಿಗೆ ಬೀಗ ಹಾಕಿಬಿಟ್ಟಿದ್ದರು. ಸೆರಗಿನಲ್ಲಿದ್ದ ಬೆಣೆಗಳನ್ನು ಅವರ ಕಾಲ ಬಳಿ ಸುರಿದು ಹೊರಗೆ ಬಂದೆ. ಚನ್ನಗಿರಿಯ ಬಸ್ ನಿಲ್ದಾಣದವರೆಗೆ ನಡೆದು, ಬಸ್ಸು ಹಿಡಿದು ಒಬ್ಬಳೇ ನ್ಯಾಮತಿಗೆ ಹೋದೆ.

ಅಷ್ಟು ಸುಳ್ಳು ಹೇಳಿಯೂ ಮಂಚ ಆ ಮನೆಯಲ್ಲಿ ಉಳಿಯಲಿಲ್ಲ. ಮನೆಯವರು ಬೇಡವೆಂದರು. ಸಂಜೆ ಟೆಂಪೋ ಬಂದು ನಿಂತಾಗ ನಾನು ಹಿತ್ತಿಲಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಬಿಚ್ಚಿದ ಮಂಚವನ್ನು ಶೆಡ್ಡಿನೊಳಗೆ ಒಯ್ದರು. ಕೂಡಿಕೆಗಳಿಗೆ ಏಟು ಬಿದ್ದಿದೆಯೋ ಏನೋ ಎಂದು ನೋಡಬೇಕೆನಿಸಿತು. ನೋಡಲಿಲ್ಲ, ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.

ಮರುದಿನ ಬೆಳಿಗ್ಗೆ ಗೋಡೆಯ ಆಚೆಯಿಂದ ಕರೆದರು. ದಿನಾ ಕರೆಯುವ ಹಾಗೆಯೇ ಕರೆದರು.

"ಏನವ್ವ, ಬರಲ್ಲೇನು ಇವತ್ತು?"

ಗೋಡೆಯ ಹತ್ತಿರ ಹೋದೆ. "ನಂಗೆ ತಲಿ ಸರಿ ಇಲ್ಲಲ್ಲ."

"ಆ ಹೊತ್ತಿಗೆ ಏನೋ ಒಂದು ಹೇಳಬೇಕಿತ್ತು, ಹೇಳಿದೆ. ನಾನು ಈ ಜನದಾಗೆ ಬಾಳಬೇಕಲ್ಲವ್ವ."

"ನಾನು ಎಲ್ಲಿ ಬಾಳಬೇಕು ಆಚಾರ್ರೇ?"

ಅವರು ಎಡಗೈಯಿಂದ ಮುರಿದ ಕೈಯನ್ನು ಸವರಿಕೊಳ್ಳುತ್ತ, "ಆಗಿದ್ದು ಆಗಿ ಹೋತು. ಮತ್ತಿ ಮರದ ಹಲಗಿ ಬಂದಾವೆ, ಬಾ," ಎಂದರು. ತಪ್ಪಾಯಿತು ಎಂದಿದ್ದರೆ ಹೋಗುತ್ತಿದ್ದೆನೋ ಏನೋ. ಹಲಗೆ ಬಂದಿದೆ ಎಂದರು. ನಾನು ಹೋಗಲಿಲ್ಲ. ಅದೇ ವಾರ ಅಕ್ಕನ ಮನೆ ಬಿಟ್ಟು, ತವರೂರು ಜಗಳೂರಿಗೆ ಬಂದೆ.

ಇಲ್ಲಿ ಮೊದಲು ಒಂದು ಫರ್ನಿಚರ್ ಅಂಗಡಿಯಲ್ಲಿ ಯಂತ್ರಕ್ಕೆ ಪ್ಲೈವುಡ್ಡು ಕೊಡುವ ಕೆಲಸ ಸಿಕ್ಕಿತು. ಆಮೇಲೆ ಮುರಿದ ಕುರ್ಚಿ, ಬಾಗಿಲು ಸರಿ ಮಾಡುತ್ತ ಮಾಡುತ್ತ ನನ್ನದೇ ಶೆಡ್ಡು ಆಯಿತು. ಸುಲಭವಾಗಿ ಆಗಲಿಲ್ಲ, ಆ ಕಥೆ ಬೇರೆ. ಉಳಿ ಮಸೆಯುವಾಗ, ಚಾಕುವಿನಿಂದ ಗೆರೆ ಕೊರೆಯುವಾಗ ಅವರ ಮಾತೇ ನನ್ನ ಬಾಯಲ್ಲಿ ಬರುತ್ತಿತ್ತು. ಬಂದಾಗಲೆಲ್ಲ ಮೈ ಉರಿಯುತ್ತಿತ್ತು. ಕೈಗೆ ಇಷ್ಟೆಲ್ಲ ಕೊಟ್ಟ ಮನುಷ್ಯ, ಬಾಯಿಯಿಂದ ಒಂದು ಮಾತು ಕೊಡಲಾರದೆ ಹೋದರಲ್ಲ ಎಂದು. ಅವರು ಒಂದು ಸಲವೂ ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ.

ಹೋದ ವರ್ಷ ನ್ಯಾಮತಿಯಿಂದ ಆಚಾರ್ರ ಮನೆಯ ಅಮ್ಮ ಫೋನ್ ಮಾಡಿದರು. "ಹೋದ್ರವ್ವ," ಎಂದರು, ಅಷ್ಟೇ. ಯಾಕೆ ಹೊರಟೆನೋ ಗೊತ್ತಿಲ್ಲ, ಕೈಯಲ್ಲಿದ್ದ ಕೆಲಸ ಬಿಟ್ಟು ದಾವಣಗೆರೆಯ ಬಸ್ಸು ಹತ್ತಿದೆ. ನ್ಯಾಮತಿ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಮನೆಯ ಮುಂದೆ ಕೂತಿದ್ದ ನೆಂಟರಲ್ಲಿ ಒಬ್ಬರು ಇನ್ನೊಬ್ಬರಿಗೆ ನನ್ನನ್ನು ತೋರಿಸಿ ಮೆಲ್ಲಗೆ ಹೇಳಿದ್ದು ಕೇಳಿಸಿತು. "ಹಿಂದೆ ಶೆಡ್ಡಾಗೆ ಕಸ ಹೊಡೀತಿದ್ಲು, ಆಕಿ." ಇಷ್ಟು ವರ್ಷವಾದರೂ ಆ ಸುಳ್ಳು ಆ ಅಂಗಳದಲ್ಲಿ ಗಟ್ಟಿಮುಟ್ಟಾಗಿ ಬದುಕಿತ್ತು.

ಒಳಗೆ ಹೋದೆ. ನಡುಮನೆಯಲ್ಲಿ ಆ ಮಂಚ ಇತ್ತು. ಹಾಸಿಗೆ ತೆಗೆದು ಬರೀ ಹಲಗೆ ಬಿಟ್ಟಿದ್ದರು. ಅಮ್ಮ ಪಕ್ಕದಲ್ಲಿ ಚಾಪೆಯ ಮೇಲೆ ಕೂತಿದ್ದರು.

"ಇದರ ಮ್ಯಾಲೇ ಮಲಗ್ತಿದ್ರು," ಎಂದರು. "ಯಾರು ಕೇಳಿದ್ರೂ ಕೊಡಲಿಲ್ಲ. ಬೈದು ಕಳಿಸ್ತಿದ್ರು."

ಅಳುತ್ತಿರುವವರ ಎದುರಿಗೆ ಕೇಳಬಾರದಿತ್ತೇನೋ, ಕೇಳಿದೆ. "ಯಾರು ಮಾಡಿದ್ದು ಅಂತ ಕೇಳಿದ್ರೆ ಏನಂತಿದ್ರಮ್ಮ?"

ಅವರು ಸೆರಗಿನಿಂದ ಮೂಗು ಒರೆಸಿಕೊಂಡರು. "ನಾನೇ ಮಾಡಿದ್ದು ಅಂತಿದ್ರು," ಎಂದರು. ಆಮೇಲೆ ನನ್ನ ಕೈ ಹಿಡಿದುಕೊಂಡರು. ಆ ಕೈಯನ್ನು ಬಿಡಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಆದರೆ ಆ ಹೊತ್ತಿನಲ್ಲೂ ನನ್ನ ಒಳಗೆ ಕುದಿಯುತ್ತಿದ್ದದ್ದು ದುಃಖವಲ್ಲ.

ಇದನ್ನು ಕೇಳಿದ ಅಕ್ಕ, ಮಂಚವನ್ನು ಕೊನೆಯವರೆಗೂ ಇಟ್ಟುಕೊಂಡಿದ್ದರಲ್ಲ, ಅದೇ ಅವರು ನಿನ್ನ ಹತ್ತಿರ ಕ್ಷಮೆ ಕೇಳಿದ ಹಾಗೆ ಎನ್ನುತ್ತಾಳೆ. ಬೇರೆಯವರೂ ಹಾಗೇ ಹೇಳಿದ್ದಾರೆ. ನಾನು ಒಪ್ಪುವುದಿಲ್ಲ. ನನ್ನ ತಲೆ ಸರಿಯಿಲ್ಲ ಎಂದು ಹೇಳಿದ್ದು ಬಾಯಿಂದ, ಜನರ ಎದುರಿಗೆ. ಕ್ಷಮೆಯನ್ನು ಮಾತ್ರ ನಾನು ಮರದಲ್ಲಿ ಹುಡುಕಿಕೊಳ್ಳಬೇಕೆ? ಒಳ್ಳೆಯ ಮಂಚ, ಬೆನ್ನಿಗೆ ಹಿತವಾಗಿತ್ತು, ಮಲಗಿದರು. ಅಷ್ಟೇ ಇರಬಹುದು... ಅದಕ್ಕಿಂತ ಹೆಚ್ಚೇನಾದರೂ ಇತ್ತೆಂದರೆ ಹೇಳಲು ಅವರಿಗೆ ವರ್ಷಗಟ್ಟಲೆ ಸಮಯವಿತ್ತು.

ಹೋದ ವಾರ ಇಲ್ಲಿನ ನನ್ನ ಶೆಡ್ಡಿಗೆ ತಾಯಿಯೊಬ್ಬರು ಬಂದಿದ್ದರು, ಮಗಳ ಮದುವೆಗೆ ಮಂಚ ಬೇಕು ಎಂದು. ನಾನು ಮಾಡಿಟ್ಟದ್ದನ್ನೆಲ್ಲ ನೋಡಿ ಮೆಚ್ಚಿದರು. ಯಾರು ಮಾಡುತ್ತಾರೆ, ನಿಮ್ಮ ಯಜಮಾನರೋ ಎಂದರು. ನಾನೇ ಎಂದೆ. ಯಜಮಾನರನ್ನು ಬಿಟ್ಟು ಬಂದವಳು ಎಂಬುದನ್ನೂ ಹೇಳಿದೆ. ಯಾವ ಕೆಲಸ ಒಪ್ಪಿಕೊಳ್ಳುವ ಮೊದಲೂ ಇದನ್ನು ಹೇಳಿಬಿಡುತ್ತೇನೆ, ಆಮೇಲೆ ಇನ್ನೊಬ್ಬರ ಬಾಯಿಂದ ಹೊರಡುವುದು ಬೇಡ. ಆಕೆ, "ಮನಿಯಾಗೆ ಒಂದು ಮಾತು ಕೇಳಿ ಬರ್ತೀನ್ರಿ," ಎಂದು ಹೋದರು. ಬರಲಿಲ್ಲ.

ಎರಡು ದಿನ ಕಾದು, ಸಿಟ್ಟು ತಡೆಯದೆ ಸುಮ್ಮನೆ ಎರಡು ತೇಗದ ತುಂಡು ತೆಗೆದುಕೊಂಡು ಒಂದರಲ್ಲಿ ಗುಳಿ ಕೊರೆದೆ, ಇನ್ನೊಂದರಲ್ಲಿ ನಾಲಿಗೆ ಕೊಯ್ದೆ. ಅರ್ಧದವರೆಗೆ ಕೈಯಲ್ಲಿ ಹೋಯಿತು, ಉಳಿದದ್ದು ಕೊಡತಿಗೆ ಹೋಯಿತು. ಎಲ್ಲಿ ಸೇರಿದೆ ಎಂದು ಉಗುರಿಗೂ ತಿಳಿಯದ ಹಾಗೆ ಕೂತಿತು. ಅದನ್ನು ಹಿಡಿದುಕೊಂಡು ಶೆಡ್ಡಿನ ಬಾಗಿಲಿಗೆ ಬಂದೆ, ಯಾರಿಗಾದರೂ ತೋರಿಸಬೇಕೆಂದು. ಓಣಿಯಲ್ಲಿ ಹೋಗುತ್ತಿದ್ದವರು ನೋಡಿದರೂ ಅದರಲ್ಲಿ ಏನಿದೆ ಎಂದು ಅವರಿಗೆ ತಿಳಿಯುವುದಿಲ್ಲ. ನೋಡಿದ ತಕ್ಷಣ ತಿಳಿಯುವ ಒಬ್ಬರೇ ಒಬ್ಬರು ನನಗೆ ಗೊತ್ತಿದ್ದದ್ದು. ನಾನು ಚೆನ್ನಾಗಿ ಮಾಡುತ್ತೇನೆ ಎಂದು ತಿಳಿದು ಹೇಳಬಲ್ಲವರು ಅವರೊಬ್ಬರೇ ಇದ್ದರು. ಹೇಳದೆಯೇ ಹೋದರು.